ದನಿ ಹೋದ ಮೂರು ತಿಂಗಳು

ನನ್ನ ದನಿ ದೊಡ್ಡದು. ಅದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದೆ. ಚಾಮರಾಜಪೇಟೆಯ ನಮ್ಮ ಹೈಸ್ಕೂಲಿನ ಎದುರಿಗೆ ಒಂದು ಕಾಫಿಪುಡಿ ಅಂಗಡಿ ಇದೆ. ಅದರ ಯಜಮಾನರು ಒಂದು ಸಲ ರಸ್ತೆಯಲ್ಲಿ ಸಿಕ್ಕಿ, "ಏನ್ ಮೇಡಂ, ಆ ಹಳಗನ್ನಡ ಪದ್ಯಾನ ಈ ವರ್ಷ ಒಂದು ವಾರ ಮುಂಚೇನೇ ಶುರು ಮಾಡ್ಬಿಟ್ರಿ?" ಅಂತ ಕೇಳಿದ್ದರು. ರಸ್ತೆ ದಾಟಿ, ಬೀಜ ಪುಡಿ ಮಾಡುವ ಮಿಷನ್ನಿನ ಸದ್ದನ್ನೂ ದಾಟಿ ಹೋಗುತ್ತಿತ್ತು ನನ್ನ ಪಾಠ. ಇಪ್ಪತ್ತೆಂಟು ವರ್ಷ ಕನ್ನಡ ಹೇಳಿಕೊಟ್ಟಿದ್ದೇನೆ, ಒಂದು ದಿನ ಮೈಕು ಮುಟ್ಟಿದವಳಲ್ಲ. ಸ್ವಾತಂತ್ರ್ಯ ದಿನಾಚರಣೆಗೆ ಮೈಕು ಕೈಕೊಟ್ಟಾಗೆಲ್ಲ ಎಲ್ಲರ ಮುಖ ನನ್ನ ಕಡೆಗೇ ತಿರುಗುತ್ತಿತ್ತು.

ಅಂಥಾ ದನಿ ಆಷಾಢದ ಕೊನೆಯ ಒಂದು ಬೆಳಿಗ್ಗೆ, ಹತ್ತನೇ ಕ್ಲಾಸಿನ ಹಾಜರಿ ಕರೆಯುವಾಗ, ಹದಿನಾಲ್ಕನೇ ನಂಬರಿಗೆ ನಿಂತುಹೋಯಿತು. ಹದಿನೈದು ಅನ್ನೋಕೆ ಬಾಯಿ ತೆರೆದರೆ ಬರೀ ಗಾಳಿ. ನಾನು ಸಿಟ್ಟಿಂದ ನಿಲ್ಲಿಸಿದೆ ಅಂದುಕೊಂಡು ಮಕ್ಕಳು ತೆಪ್ಪಗೆ ಕೂತರು. ಪಾಪ, ಅವರಿಗೆ ಅದೇ ಅಭ್ಯಾಸ. ನಾನು ಮೂರು ಸಲ ಕೆಮ್ಮಿ, ನೀರು ಕುಡಿದು, ಮತ್ತೆ ಪ್ರಯತ್ನ ಪಟ್ಟು, ಕೊನೆಗೆ ರಿಜಿಸ್ಟರ್ ಮುಚ್ಚಿಟ್ಟೆ.

ಬಸವನಗುಡಿಯ ಗಂಟಲು ಡಾಕ್ಟರು ನನ್ನ ಬಾಯೊಳಗೆ ಕ್ಯಾಮೆರಾ ಬಿಟ್ಟು ನೋಡಿದರು. ದನಿ ಹುಟ್ಟುವ ಜಾಗದಲ್ಲಿ ಎರಡು ಸಣ್ಣ ಗಂಟು ಬೆಳೆದಿವೆಯಂತೆ. "ಮೊದಲು ಪೂರ್ತಿ ಮೌನ. ಆಮೇಲೆ ಸಣ್ಣ ಆಪರೇಷನ್. ಆಮೇಲೆ ಮತ್ತೆ ಮೌನ. ಒಟ್ಟು ಮೂರು ತಿಂಗಳು ನೀವು ಕ್ಲಾಸಲ್ಲಿ ಗಂಟಲು ಎತ್ತೋ ಹಾಗಿಲ್ಲ," ಅಂದರು. ಪಿಸುಮಾತಲ್ಲಾದರೂ ಮಾತಾಡಬಹುದಾ ಅಂತ ಚೀಟಿಯಲ್ಲಿ ಬರೆದು ಕೇಳಿದೆ. "ಅದು ಇನ್ನೂ ಕೆಟ್ಟದ್ದು ತಾಯಿ. ಹಾಗೆ ಮಾಡಿದ್ರೆ ದನಿ ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ," ಅಂದುಬಿಟ್ಟರು. ಪಕ್ಕದಲ್ಲಿ ಕೂತಿದ್ದ ನನ್ನ ಯಜಮಾನರು ಗಂಭೀರವಾಗಿ ತಲೆಯಾಡಿಸಿದರು. ಆಟೋದಲ್ಲಿ ಬರುವಾಗ, "ಮೂವತ್ತು ವರ್ಷದಲ್ಲಿ ಮೊದಲನೇ ಸಲ ಮನೇಲಿ ನನ್ ಮಾತು ಮುಗಿಯೋವರ್ಗೂ ಮಾತಾಡ್ಬೋದು ಕಣೇ," ಅಂತ ನಕ್ಕರು. ನಾನು ಕಣ್ಣಲ್ಲೇ ಸುಟ್ಟೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ, ಅದೂ ಸದ್ದಿಲ್ಲದೆ.

ನನ್ನ ಹೆದರಿಕೆ ಗಂಟಲಿನದ್ದಲ್ಲ, ಹತ್ತನೇ ಕ್ಲಾಸಿನದ್ದು. ನನ್ನ ರಿಟೈರ್‌ಮೆಂಟಿಗೆ ಇನ್ನು ಎರಡು ವರ್ಷ ಇತ್ತು. ನಮ್ಮದು ಅನುದಾನಿತ ಶಾಲೆ, ಹೊಸ ಮೇಷ್ಟರನ್ನು ಕೊಡುವುದಿಲ್ಲ, ಇದ್ದವರಲ್ಲೇ ಹಂಚಿಕೊಳ್ಳಬೇಕು. ನಾನು ರಜೆ ಹಾಕಿದರೆ ನನ್ನ ಕ್ಲಾಸು ಸಮಾಜ ವಿಜ್ಞಾನದವರ ಪಾಲಾಗುತ್ತದೆ. ಒಂದು ಸಲ ಕೈಬಿಟ್ಟು ಹೋದ ಹತ್ತನೇ ಕ್ಲಾಸು ವಾಪಸ್ ಬರೋದಿಲ್ಲ. ಆಮೇಲೆ ನಾನು ಆಫೀಸಿನ ಮೂಲೆಯಲ್ಲಿ ಸ್ಕಾಲರ್‌ಶಿಪ್ ಫಾರಂ ತುಂಬಿಸುತ್ತಾ ರಿಟೈರ್ ಆಗಬೇಕು, ಅಷ್ಟೇ.

ನಮ್ಮ ಹೆಡ್‌ಮಿಸ್ ನನಗಿಂತ ನಾಲ್ಕು ವರ್ಷ ಚಿಕ್ಕವರು. ಕೆಲಸಕ್ಕೆ ಸೇರಿದಾಗ ನನ್ನ ಟಿಫನ್ ಡಬ್ಬಿಯಿಂದಲೇ ಚಿತ್ರಾನ್ನ ತಿಂದವರು. "ಮೇಡಂ, ನೀವು ಹಿರಿಯರು, ನಾನು ಇದನ್ನ ಹೇಳ್ಬಾರ್ದು. ಆದ್ರೆ ಬೋರ್ಡ್ ಪರೀಕ್ಷೆ ನೋಡಿ," ಅಂತ ಶುರು ಮಾಡಿದರು. ನಾನು ಚೀಟಿಯಲ್ಲಿ ಬರೆದೆ: ದಸರಾ ರಜೆವರೆಗೂ ಟೈಮ್ ಕೊಡಿ. ಅವರು ಚೀಟಿಯನ್ನು ಎರಡು ಸಲ ಓದಿ ಮಡಿಸಿಟ್ಟರು. "ಸರಿ. ಅರ್ಧವಾರ್ಷಿಕ ಪರೀಕ್ಷೆ ಆಗ್ಲಿ. ಮಕ್ಕಳು ಹಿಂದೆ ಬಿದ್ದಿದ್ರೆ ಕ್ಲಾಸ್ ಬೇರೆಯವ್ರಿಗೆ ಕೊಡ್ತೀನಿ. ಬೇಜಾರ್ ಮಾಡ್ಕೋಬಾರ್ದು," ಅಂದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಅಷ್ಟು ಅವಕಾಶವನ್ನೂ ಕೊಡುತ್ತಿರಲಿಲ್ಲ, ಸತ್ಯ ಹೇಳುತ್ತೇನೆ.

ಹೀಗೆ, ಫೋನಿನಲ್ಲಿ ಫೋಟೋ ಕಳಿಸೋದು ಬಿಟ್ಟು ಬೇರೇನೂ ಬಾರದ ನಾನು ಆನ್‌ಲೈನ್ ಪಾಠದ ಸಾಮಾನುಗಳ ಬೆನ್ನು ಹತ್ತಿದೆ. ನನಗೆ ಗುರುವಾಗಿ ಸಿಕ್ಕಿದ್ದು ನಮ್ಮ ಕಂಪ್ಯೂಟರ್ ಟೀಚರ್. ಮೂವತ್ತು ದಾಟಿದ ಹೆಂಗಸು, ವೈಯಾಲಿಕಾವಲಿನಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ. ಅವಳ ಪಾಠವನ್ನು ನಾವು ಹಳಬರೆಲ್ಲ ಆಟದ ಪೀರಿಯಡ್ ಥರ ಕಂಡು, ಪೋರ್ಷನ್ ಮುಗಿದಿಲ್ಲ ಅಂದಾಗೆಲ್ಲ ಕಿತ್ತುಕೊಳ್ಳುತ್ತಿದ್ದೆವು. ಅತಿ ಹೆಚ್ಚು ಕಿತ್ತುಕೊಂಡವಳು ನಾನೇ. ಈಗ ಅವಳ ಮುಂದೆ ಚೀಟಿ ಹಿಡಿದು ನಿಂತೆ. ಅವಳು ಹಳೇದೇನೂ ಎತ್ತಲಿಲ್ಲ. "ಕೂತ್ಕೊಳ್ಳಿ ಮೇಡಂ, ಒಂದೊಂದಾಗಿ ನೋಡೋಣ," ಅಂದಳು.

ಮೊದಲು ನಾನು ಫೋನಲ್ಲಿ ಟೈಪ್ ಮಾಡಿದ್ದು ಕ್ಲಾಸಿನ ದೊಡ್ಡ ಪರದೆ ಮೇಲೆ ಕಾಣುವ ಹಾಗೆ ಮಾಡಿಕೊಟ್ಟಳು. ನನ್ನ ಒಂದು ಬೆರಳಿನ ಟೈಪಿಂಗಿಗೆ ಒಂದು ವಾಕ್ಯ ಮುಗಿಯೋಕೆ ಮೂರು ನಿಮಿಷ. ನಾನು "ಕವಿಯು ಇಲ್ಲಿ" ಅಂತ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನವರು ವಾಕ್ಯ ಹೇಗೆ ಮುಗಿಯುತ್ತೆ ಅಂತ ಪಂದ್ಯ ಕಟ್ಟುತ್ತಿದ್ದರು. ಗೆದ್ದವರು ಮೇಜು ಕುಟ್ಟೋರು. ನಾನು ಬೆನ್ನು ತಿರುಗಿಸಿ ನಿಂತಿದ್ದೆ, ಬೈಯೋಕೂ ಬಾಯಿಲ್ಲ.

ಆಮೇಲೆ, ನಾನು ಆಪರೇಷನ್ ಮುಗಿಸಿಕೊಂಡು ಬಂದಾಗ, ಬರೆದದ್ದನ್ನು ತಾನೇ ಓದಿ ಹೇಳುವ ಒಂದು ಆಪ್ ಹಾಕಿಕೊಟ್ಟಳು. ಅದರಲ್ಲೊಬ್ಬ ಹೆಂಗಸಿನ ದನಿ. ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹಾಗೆ, ಬಲು ಮರ್ಯಾದಸ್ಥ ದನಿ. ಹಳಗನ್ನಡ ಪದ್ಯ ಹಾಕಿದೆ. ಶಿವನೇ! ನಿಲ್ಲಬಾರದ ಕಡೆ ನಿಂತು, ನಿಲ್ಲಬೇಕಾದ ಕಡೆ ಓಡಿ, ಯುದ್ಧಕ್ಕೆ ಹೊರಟ ವೀರನನ್ನು ಪ್ಲಾಟ್‌ಫಾರಂ ನಂಬರ್ ಎರಡಕ್ಕೆ ಕಳಿಸಿಬಿಟ್ಟಳು. ಮಕ್ಕಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಅವಳನ್ನು ಪೂರ್ತಿ ಬಿಡಲಿಲ್ಲ, ದಿನಾ ಬೇಕಾಗುವ ಕೆಲವು ಮಾತುಗಳನ್ನು ಬಟನ್ ಒತ್ತಿದರೆ ಹೇಳುವ ಹಾಗೆ ಇಟ್ಟುಕೊಂಡೆ. "ಪುಸ್ತಕ ತೆಗೀರಿ" ಒಂದು, "ಇನ್ನೊಂದ್ಸಲ ಹೇಳು" ಒಂದು. ಯಾರಾದರೂ ಬಂದರೆ ಇರಲಿ ಅಂತ "ನಮಸ್ಕಾರ, ದಯವಿಟ್ಟು ಬನ್ನಿ" ಒಂದು. ಸಿಟ್ಟು ಬಂದ ಒಂದು ದಿನ ಅದರ ಪಕ್ಕದಲ್ಲೇ ಇನ್ನೊಂದು ಸೇರಿಸಿದ್ದೆ: "ಬಾಯ್ ಮುಚ್ಕೊಂಡು ಕೂತ್ಕೊಳ್ಳಿ, ಕತ್ತೆಗಳಾ."

ಏನಾಗಿರಬೇಕು ಅಂತ ನಿಮಗೆ ಗೊತ್ತಾಗಿರುತ್ತೆ. ಒಂದು ದಿನ ಇಲಾಖೆಯ ಅಧಿಕಾರಿಯೊಬ್ಬರು ಹೆಡ್‌ಮಿಸ್ ಜೊತೆ ಕ್ಲಾಸಿಗೆ ಬಂದರು. ನಾನು ಎದ್ದು ಕೈಮುಗಿದು ಗಡಿಬಿಡಿಯಲ್ಲಿ ಬಟನ್ ಒತ್ತಿದೆ. ಸ್ಪೀಕರಿನಿಂದ ಆ ಮರ್ಯಾದಸ್ಥ ಹೆಂಗಸು ಬಲು ನಯವಾಗಿ, "ಬಾಯ್ ಮುಚ್ಕೊಂಡು ಕೂತ್ಕೊಳ್ಳಿ, ಕತ್ತೆಗಳಾ," ಅಂದಳು. ಅಧಿಕಾರಿಗಳು ಕೂತೇಬಿಟ್ಟರು! ಹತ್ತಿರದ ಬೆಂಚಿನ ತುದಿಯಲ್ಲಿ, ಫೈಲನ್ನು ಎದೆಗೊತ್ತಿಕೊಂಡು. ಹೆಡ್‌ಮಿಸ್ ಮುಖದಲ್ಲಿ ರಕ್ತ ಇರಲಿಲ್ಲ. ಕ್ಲಾಸಿಗೆ ಅಂತ ಇಟ್ಟುಕೊಂಡಿದ್ದ ಸ್ಲೇಟಿನ ಮೇಲೆ ನಾನು "ಕ್ಷಮಿಸಿ, ಗಂಟಲು ಆಪರೇಷನ್" ಅಂತ ಬರೆದು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅವರು ಓದಿ, ಸಾವರಿಸಿಕೊಂಡು, "ಪರವಾಗಿಲ್ಲಮ್ಮ, ಅಭ್ಯಾಸ ಇದೆ. ನಮ್ಮ ಮೇಷ್ಟ್ರೂ ಇದೇ ಹೇಳ್ತಿದ್ರು," ಅಂದರು. ಅವರು ದೊಡ್ಡ ಮನಸ್ಸಿನವರು. ಬೇರೆ ಯಾರಾದರೂ ಆಗಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಕನ್ನಡ ಪಾಠದಲ್ಲಿ ಆದರ್ಶ ವಾಚನ ಅಂತ ಒಂದಿದೆ. ಮೊದಲು ಟೀಚರ್ ಪದ್ಯವನ್ನು ಸರಿಯಾಗಿ ಓದಿ ತೋರಿಸಬೇಕು, ಅದನ್ನು ಕೇಳಿ ಮಕ್ಕಳು ಓದಬೇಕು. ಅದೇ ನನ್ನ ಕಿರೀಟ. ಮಿಷನ್ನಿನಿಂದ ಅದು ಆಗಲಿಲ್ಲವಲ್ಲ, ಯಜಮಾನರನ್ನು ಹಿಡಿದೆ. ಅವರು ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಮೂವತ್ತೈದು ವರ್ಷ ಗಿರಾಕಿಗಳನ್ನು ಕರೆದವರು, ಗಂಟಲಿಗೇನು ಕಮ್ಮಿ ಇಲ್ಲ. ಫೋನ್ ಮುಂದೆ ಕೂರಿಸಿ ಓದಿಸಿದೆ. ಮೊದಲನೇ ಸಾಲು ಚೆನ್ನಾಗಿಯೇ ಬಂತು. ಎರಡನೇ ಸಾಲಿಗೆ "ಬನ್ನಿ ಅಕ್ಕಾ, ನೋಡಿ ಅಕ್ಕಾ" ಅನ್ನುವ ರಾಗ ತಾನಾಗೇ ಸೇರಿಕೊಂಡಿತು. ನಾಲ್ಕನೇ ಸಾಲಿಗೆ ಪದ್ಯ ಪೂರ್ತಿ ಸೀರೆ ಥರ ಕೌಂಟರ್ ಮೇಲೆ ಹರಡಿಕೊಂಡಿತು. "ಇನ್ನೊಂದ್ಸಲ ಓದ್ಲಾ?" ಅಂದರು ಪಾಪ, ಬೆವರು ಒರೆಸಿಕೊಂಡು. ನಾನು ಕೈಮುಗಿದೆ.

ಕೊನೆಗೆ ಕಂಪ್ಯೂಟರ್ ಟೀಚರೇ ದಾರಿ ತೋರಿಸಿದಳು. "ಮಕ್ಕಳೇ ಓದಿ ಕಳಿಸ್ಲಿ ಬಿಡಿ ಮೇಡಂ. ಒಬ್ಬೊಬ್ರಿಗೆ ನಾಲ್ಕು ಸಾಲು, ಅಪ್ಪ ಅಮ್ಮನ ಫೋನಿಂದ." ಆಹಾ, ಮಕ್ಕಳ ಓದು ಆದರ್ಶ ಆಗುತ್ತಾ ಅಂತ ಮನಸ್ಸಲ್ಲೇ ಮೂಗು ಮುರಿದೆ. ಬೇರೆ ದಾರಿ ಇರಲಿಲ್ಲ, ಕ್ಲಾಸಿನ ಗ್ರೂಪಿಗೆ ಬರೆದು ಹಾಕಿದೆ. ಸಂಜೆಯಿಂದ ಒಂದೊಂದೇ ಬರತೊಡಗಿದವು. ಒಂದರ ಹಿಂದೆ ಕುಕ್ಕರ್ ಕೂಗುತ್ತಿತ್ತು. ಇನ್ನೊಂದರಲ್ಲಿ ಯಾರದೋ ಅಜ್ಜಿ, "ಅಲ್ಲಿ ಉಸಿರು ತಗೋಳೇ," ಅಂತ ತಿದ್ದುತ್ತಿದ್ದರು, ಅಜ್ಜಿ ಹೇಳಿದ್ದು ಸರಿಯಾಗೇ ಇತ್ತು. ನಗರ್ತಪೇಟೆಯ ಒಬ್ಬನ ಓದಿನ ನಡುವೆ ಹಮಾಲಿಗಳು "ಸೈಡು, ಸೈಡು" ಅಂತ ಹಾದುಹೋದರು. ಹುಡುಗ ಅವರು ಹೋಗುವವರೆಗೆ ತಡೆದು, ಬಿಟ್ಟ ಪದದಿಂದಲೇ ಹಿಡಿದು ಮುಂದುವರಿಸಿದ. ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಇಷ್ಟು ವರ್ಷ ಈ ಮಕ್ಕಳು ಎಲ್ಲಿ ಕೂತು ಓದುತ್ತಾರೆ ಅಂತ ನಾನು ಕೇಳಿರಲಿಲ್ಲ. ಅವತ್ತಿನಿಂದ ದಿನಕ್ಕೊಬ್ಬರ ಓದನ್ನು ಕ್ಲಾಸಿನಲ್ಲಿ ಹಾಕಿ ಪಾಠ ಶುರು ಮಾಡಿದೆ.

ಓದೇನೋ ಆಯಿತು. ಪ್ರಶ್ನೆ ಕೇಳೋದು, ಉತ್ತರ ಹೇಳಿಸೋದು ಹೇಗೆ? ಎಲ್ಲರೂ ಏಕಕಾಲಕ್ಕೆ ಬರೆಯಬಹುದಾದ ಒಂದು ಆನ್‌ಲೈನ್ ಪುಟ ಇರುತ್ತದೆ, ಯಾರು ಎಲ್ಲಿ ಕೂತು ಬರೆದರೂ ದೊಡ್ಡ ಪರದೆ ಮೇಲೆ ಸಾಲುಸಾಲಾಗಿ ಕಾಣುತ್ತದೆ ಅಂದಳು ಕಂಪ್ಯೂಟರ್ ಟೀಚರ್. ಅದಕ್ಕೆ ಮಕ್ಕಳ ಕೈಯಲ್ಲಿ ಏನಾದರೂ ಬೇಕು. ಶಾಲೆಗೆ ಫೋನ್ ತರುವ ಹಾಗಿಲ್ಲ. "ಟ್ಯಾಬ್ ಇದಾವಲ್ಲ ಮೇಡಂ," ಅಂದಳು ಮೆಲ್ಲಗೆ.

ಇದ್ದವು. ಹಳೇ ವಿದ್ಯಾರ್ಥಿಗಳು ಯಾವುದೋ ವರ್ಷ ಕೊಟ್ಟ ಹದಿನೈದು ಟ್ಯಾಬು, ಆಫೀಸಿನ ಬೀರುವಿನಲ್ಲಿ. ಮಕ್ಕಳು ಕೆಡಿಸಿಬಿಡುತ್ತಾರೆ ಅಂತ ಬೀಗ ಹಾಕಿಟ್ಟಿದ್ದೆವು. ವರ್ಷಕ್ಕೊಂದು ಸಲ, ಆಯುಧಪೂಜೆಗೆ, ಹೊರಗೆ ತೆಗೆದು ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಮಂಗಳಾರತಿ ಮಾಡಿ, ಮತ್ತೆ ಒಳಗಿಡುತ್ತಿದ್ದೆವು. ಮುಂದೆ ನಿಂತು ಇದನ್ನೆಲ್ಲ ಶ್ರದ್ಧೆಯಿಂದ ಮಾಡಿಸುತ್ತಿದ್ದವಳು ಬೇರಾರೂ ಅಲ್ಲ, ನಾನೇ. ಹೆಡ್‌ಮಿಸ್ಸಿಗೆ ಚೀಟಿ ಬರೆದು ಕೀಲಿ ಈಸಿಕೊಂಡೆ. ಚಾರ್ಜಿಗೆ ಹಾಕಿದರೆ ಒಂದೂ ಹತ್ತಲಿಲ್ಲ. ಕಂಪ್ಯೂಟರ್ ಟೀಚರ್ ಒಂದನ್ನು ಎತ್ತಿ ಕಿಟಕಿ ಬೆಳಕಿಗೆ ಹಿಡಿದು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಟ್ಯಾಬ್ ನೋಡಿದಳು. ಚಾರ್ಜರ್ ಸಿಗಿಸುವ ತೂತಿನಲ್ಲಿ ವರ್ಷಗಟ್ಟಲೆಯ ಕುಂಕುಮ ಗಟ್ಟಿಯಾಗಿ ಕೂತಿತ್ತು. ಒಂದರಲ್ಲಂತೂ ಅಕ್ಷತೆಯ ಕಾಳು ಅಚ್ಚುಕಟ್ಟಾಗಿ ಒಳಗೆ ಸೇರಿಕೊಂಡಿತ್ತು. ಅಯ್ಯೋ ನನ್ನ ಭಕ್ತಿಯೇ! ಇಬ್ಬರೂ ಸ್ಟಾಫ್‌ರೂಮಿನಲ್ಲಿ ಕೂತು, ಸೀರೆಯ ಪಿನ್ನಿನಿಂದ ಮೂರು ದಿನ ಕೆದಕಿ ಕೆದಕಿ ತೆಗೆದೆವು. ಅವಳು ನಗು ತಡೆದುಕೊಂಡು ಭುಜ ಕುಣಿಸುತ್ತಿದ್ದಳು. ನನಗೆ ಸದ್ದು ಮಾಡಿ ನಗುವ ಹಾಗಿರಲಿಲ್ಲ, ಕಣ್ಣಲ್ಲಿ ನೀರು ಬಂತು. ಹದಿಮೂರು ಬದುಕಿದವು. ಇಪ್ಪತ್ತಾರು ಮಕ್ಕಳು, ಇಬ್ಬರಿಗೊಂದು.

ಪುಟ ಶುರುವಾದ ಮೊದಲ ವಾರ ಬರೀ ಗಲಾಟೆ. "ಹಾಯ್ ಮಿಸ್", "ಊಟ ಆಯ್ತಾ ಮಿಸ್", ಯಾರೋ ಒಬ್ಬ ನಗುವ ಮುಖಗಳನ್ನು ಒಂದಾದ ಮೇಲೊಂದು ಸುರಿದ. ನಾನು ಸ್ಲೇಟಿನಲ್ಲಿ "ಉತ್ತರ ಮಾತ್ರ" ಅಂತ ಬರೆದು ತೋರಿಸಿ, ಸಾಲಿನ ಕೊನೆಗೆ ಹಾಜರಿ ನಂಬರ್ ಹಾಕಿ ಅಂತ ಸೇರಿಸಿದೆ. ಕೆಲವರು ಹಾಕಿದರು, ಕೆಲವರು ಬಿಟ್ಟರು. ಎರಡನೇ ವಾರದ ಹೊತ್ತಿಗೆ ಉತ್ತರ ಬರತೊಡಗಿದವು. ನಾನು ಪ್ರಶ್ನೆ ಹಾಕಿ ಕೂತುಕೊಳ್ಳುವುದು, ಪರದೆ ಮೇಲೆ ಇಪ್ಪತ್ತು ಇಪ್ಪತ್ತೆರಡು ಸಾಲು ಏಳುವುದು. ನನ್ನ ಕ್ಲಾಸಿನಲ್ಲಿ ಮುಂದಿನ ಬೆಂಚಿನ ನಾಲ್ಕು ಜನ ಬಿಟ್ಟರೆ ಯಾರೂ ಉತ್ತರ ಹೇಳಿದವರಲ್ಲ. ಉಳಿದವರಿಗೆ ಬರೋದಿಲ್ಲ ಅಂತ ನಾನು ತೀರ್ಮಾನ ಮಾಡಿ ಎಷ್ಟೋ ವರ್ಷವಾಗಿತ್ತು.

ಒಂದು ಗದ್ಯ ಪಾಠ. ಮಗಳು ಮನೆ ಬಿಟ್ಟು ಓದಲು ದೂರದೂರಿಗೆ ಹೊರಟಾಗ ತಾಯಿ ಬೀಳ್ಕೊಡಲು ಬಾಗಿಲಿಗೆ ಬರುವುದಿಲ್ಲ. ಯಾಕೆ ಬರಲಿಲ್ಲ, ಇದು ಪ್ರಶ್ನೆ. ಇದಕ್ಕೆ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಒಂದೇ ಉತ್ತರ ಬರೆಸುತ್ತಿದ್ದೆ: ದುಃಖವನ್ನು ತಡೆಯಲಾರದೆ. ಅವತ್ತು ಪರದೆಯ ಮೇಲೆ ಅದೇ ಉತ್ತರದ ಸಾಲುಗಳ ಮಧ್ಯೆ ಒಂದು ಬೇರೆ ಸಾಲು ಬಂತು. "ತಾಯಿ ಬಾಗಿಲಿಗೆ ಬಂದಿದ್ರೆ ಮಗಳು ಹೋಗ್ತಿರ್ಲಿಲ್ಲ. ಅದು ತಾಯಿಗೆ ಗೊತ್ತಿತ್ತು. ಹೋಗ್ಲಿ ಅಂತಾನೇ ಒಳಗಿದ್ಳು." ನಂಬರ್ ಇರಲಿಲ್ಲ.

ನಾನು ಆ ಸಾಲನ್ನು ನಾಲ್ಕು ಸಲ ಓದಿದೆ. ಅಷ್ಟು ಸಲ ಪಾಠ ಮಾಡಿದ ನನಗೆ ಹೊಳೆಯದೇ ಇದ್ದದ್ದು. ಅದರ ಮುಂದೆ "ಪೂರ್ತಿ ಅಂಕ" ಅಂತ ಟೈಪ್ ಮಾಡಿ, ಸೀದಾ ಮುಂದಿನ ಬೆಂಚಿನ ಮೂರನೇ ನಂಬರಿನ ಹುಡುಗಿ ಹತ್ತಿರ ಹೋಗಿ ಬೆನ್ನು ತಟ್ಟಿದೆ. ಅವಳಲ್ಲದೆ ಇನ್ಯಾರು? ಅವಳು ಎದ್ದು ನಿಂತು, "ನಾನಲ್ಲ ಮಿಸ್," ಅಂದಳು. ತಿರುಗಿದೆ. ಕಿಟಕಿ ಪಕ್ಕದಲ್ಲಿ ಒಂದು ಕೈ, ಭುಜದವರೆಗೂ ಏಳದ ಕೈ. ಇಪ್ಪತ್ತೊಂದನೇ ನಂಬರ್.

ಇಪ್ಪತ್ತೊಂದರ ಅಪ್ಪ ಬೆಳಿಗ್ಗೆ ಮಾರ್ಕೆಟ್ಟಿನಿಂದ ಸೊಪ್ಪು ತಂದು ರಸ್ತೆ ಬದಿಯಲ್ಲಿ ಮಾರುತ್ತಾರೆ. ಇವಳು ಕಟ್ಟು ಕಟ್ಟಿಕೊಟ್ಟು ಶಾಲೆಗೆ ಬರುವವಳು, ಕೈಬೆರಳಲ್ಲಿ ಯಾವಾಗಲೂ ಮಣ್ಣಿನ ಗೆರೆ. ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ನಾನು ಕೈಬರಹ ನೋಡಿಯೇ ಇದು ಯಾರ ಪೇಪರು ಅಂತ ಹೇಳುವವಳು, ಅದೂ ನನ್ನ ಹೆಮ್ಮೆಗಳಲ್ಲೊಂದು. ಆದರೆ ಪರದೆಯ ಮೇಲೆ ಎಲ್ಲರ ಅಕ್ಷರವೂ ಒಂದೇ.

ಸಂಜೆ ಮನೆಗೆ ಬಂದವಳೇ ಅಟ್ಟದಿಂದ ಹೋದ ವರ್ಷದ ಪೇಪರ್ ಕಟ್ಟು ಇಳಿಸಿದೆ. "ಏನ್ ಹುಡುಕ್ತಿದೀಯೇ?" ಅಂತ ಯಜಮಾನರು ಕೇಳಿದರು, ಕೈಯಾಡಿಸಿ ಸುಮ್ಮನಾಗಿಸಿದೆ. ಇಪ್ಪತ್ತೊಂದರ ಒಂಬತ್ತನೇ ಕ್ಲಾಸಿನ ಪೇಪರು ಸಿಕ್ಕಿತು. ಕನ್ನಡಕ ಹಾಕಿ, ದೀಪದ ಕೆಳಗೆ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿಕೊಂಡು ಓದಿದೆ. ಒಂದಲ್ಲ, ಎರಡಲ್ಲ, ಆರು ಉತ್ತರ ಹೀಗೇ ಇದ್ದವು. ಯಾವ ಗೈಡಿನಲ್ಲೂ ಇಲ್ಲದ, ಅವಳೇ ಕೂತು ಯೋಚಿಸಿದ ಮಾತುಗಳು. ಅದರ ಅಂಚಿನಲ್ಲಿ ನನ್ನ ಕೆಂಪು ಶಾಯಿ: ಐದಕ್ಕೆ ಒಂದೂವರೆ, ಐದಕ್ಕೆ ಎರಡು. ಕೊನೆಯಲ್ಲಿ, "ಅಕ್ಷರ ಸುಧಾರಿಸಬೇಕು." ನಾನು ಓದಿಯೇ ಇರಲಿಲ್ಲ. ಅಕ್ಷರ ನೋಡಿ ಅಂಕ ಕೊಟ್ಟಿದ್ದೆ. ನನಗೆ ಆದಷ್ಟು ನಾಚಿಕೆ ಹೇಳಿ ಮುಗಿಸಲು ಆಗೋದಿಲ್ಲ. ರಾತ್ರಿ ಊಟ ಸೇರಲಿಲ್ಲ.

ಮರುದಿನ ಮಕ್ಕಳೆಲ್ಲ ತಲೆ ತಗ್ಗಿಸಿ ಬರೆಯುತ್ತಿದ್ದಾಗ ಮೆಲ್ಲಗೆ ಅವಳ ಬೆಂಚಿಗೆ ಹೋದೆ. ಗುಟ್ಟಾಗಿ ಹೇಳಬೇಕು ಅಂತಿತ್ತು. ಬಾಯಿಲ್ಲ, ಸ್ಲೇಟು ಮೇಜಿನ ಮೇಲೆ ಉಳಿದಿತ್ತು. ಅವಳ ಟ್ಯಾಬನ್ನೇ ಎತ್ತಿಕೊಂಡು ನನ್ನ ಒಂದು ಬೆರಳಿನಲ್ಲಿ ಟೈಪ್ ಮಾಡಿದೆ. "ಹೋದ ವರ್ಷ ನಿನ್ನ ಪೇಪರ್ ನಾನು ಸರಿಯಾಗಿ ಓದಲಿಲ್ಲ. ತಪ್ಪು ನಂದು." ಅವಳಿಗೆ ತೋರಿಸಿದೆ. ಅವಳ ಕಣ್ಣು ದೊಡ್ಡದಾಯಿತು. "ಮಿಸ್... ಮಿಸ್, ಎಲ್ಲಾರ್ಗೂ ಕಾಣಿಸ್ತಿದೆ," ಅಂದಳು. ತಿರುಗಿ ನೋಡಿದರೆ, ಗೋಡೆಯಷ್ಟು ದೊಡ್ಡ ಪರದೆ ಮೇಲೆ ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ನನ್ನ ತಪ್ಪು. ಇಪ್ಪತ್ತಾರು ಜನ ಓದುತ್ತಿದ್ದಾರೆ. ಬಾಗಿಲಲ್ಲಿ ಹೋಗುತ್ತಿದ್ದ ಹೆಡ್‌ಮಿಸ್ಸೂ ನಿಂತು ಓದುತ್ತಿದ್ದಾರೆ.

ಅವಳು ಗಬಕ್ಕನೆ ಅಳಿಸಲು ಬೆರಳು ಚಾಚಿದಳು. ನಾನು ಅವಳ ಕೈ ಹಿಡಿದೆ. ಇರಲಿ ಬಿಡು ಅಂತ ತಲೆಯಾಡಿಸಿದೆ. ಯಾರು ಮೊದಲು ನಗುತ್ತಾರೋ ಅಂತ ಕಾದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಒಂದು ಸಾಲು ಬಂತು: "ಪರವಾಗಿಲ್ಲ ಮಿಸ್." ಆಮೇಲೆ ಇನ್ನೊಂದು: "ಮಿಸ್, ನನ್ ಪೇಪರೂ ಇನ್ನೊಂದ್ಸಲ ನೋಡ್ತೀರಾ?" ಅದರ ಕೆಳಗೆ ಹನ್ನೊಂದು ಜನ "ನಂದೂ" ಅಂತ ಬರೆದರು. ಆಗ ನಗು ಬಂತು ಎಲ್ಲರಿಗೂ, ನನಗೂ. ಕಟ್ಟು ಪೂರ್ತಿ ಮತ್ತೆ ಓದಿದೆ. ಒಂದು ಭಾನುವಾರ ಇಡೀ ಬೇಕಾಯಿತು, ಯಜಮಾನರೇ ಉಪ್ಪಿಟ್ಟು ಮಾಡಿ ತಂದು ಪಕ್ಕದಲ್ಲಿಟ್ಟರು. ಉಪ್ಪು ಜಾಸ್ತಿ ಇತ್ತು, ಹೇಳುವ ಬಾಯಿ ಇರಲಿಲ್ಲ, ತಿಂದೆ.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಹೆಡ್‌ಮಿಸ್ ಕರೆದರು. ಅವರ ಮುಂದೆ ನನ್ನ ಮಕ್ಕಳ ಪೇಪರುಗಳಿದ್ದವು. ಅವರೂ ಕೂತು ಓದಿದ್ದರು. "ಅಂಕ ಏನೂ ಆಕಾಶಕ್ಕೆ ಹೋಗಿಲ್ಲ ಮೇಡಂ," ಅಂದರು. ನನ್ನ ಮುಖ ಸಣ್ಣದಾಯಿತು. "ಆದ್ರೆ ನಾನು ಇಷ್ಟು ವರ್ಷ ನಿಮ್ಮ ಕ್ಲಾಸಿನ ಪೇಪರ್ ನೋಡಿದೀನಿ. ಎಲ್ಲಾದ್ರಲ್ಲೂ ನಿಮ್ಮ ಉತ್ತರಾನೇ ಇರ್ತಿತ್ತು. ಈ ಸಲ ಒಂದರ ಥರ ಇನ್ನೊಂದಿಲ್ಲ." ಪೇಪರುಗಳನ್ನು ಕಟ್ಟಿ ನನ್ನ ಕೈಗೆ ಕೊಟ್ಟು, "ಕ್ಲಾಸು ನಿಮ್ದೇ. ಮಾರ್ಚ್‌ವರೆಗೂ," ಅಂದರು. ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. "ಏ ಬಿಡಿ ಮೇಡಂ, ಯಾರಾದ್ರೂ ನೋಡ್ತಾರೆ," ಅಂತ ಅವರೂ ಕಣ್ಣೊರೆಸಿಕೊಂಡರು. ಅವರಿಗೂ, ಎರಡು ಬಸ್ಸಿನ ದಾರಿಯಿಂದ ಬಂದು ನನ್ನ ಮೂರ್ಖತನವನ್ನು ಪಿನ್ನಿನಿಂದ ಕೆದಕಿ ತೆಗೆದ ಆ ಹೆಣ್ಣುಮಗಳಿಗೂ ನಾನು ಯಾವತ್ತೂ ಋಣಿ.

ದೀಪಾವಳಿ ಕಳೆದ ಮೇಲೆ ಡಾಕ್ಟರು ಮತ್ತೆ ಕ್ಯಾಮೆರಾ ಬಿಟ್ಟು ನೋಡಿ, "ಈಗ ಮಾತಾಡಿ. ಮೆಲ್ಲಗೆ, ಸ್ವಲ್ಪ ಸ್ವಲ್ಪ," ಅಂದರು. ಮೊದಲು ಮಾತಾಡಿದ್ದು ಯಜಮಾನರ ಹತ್ತಿರ: "ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಆಗಿತ್ತು ರೀ." ದನಿ ಹಳೇದಲ್ಲ, ಒಂದು ಪದರ ಕಿತ್ತುಹೋದ ಹಾಗಿತ್ತು. ಆದರೂ ಬಂತಲ್ಲ! ಅವತ್ತಿನಿಂದ ಎರಡು ದಿನ ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಪದ್ಯ ಓದಿ ಓದಿ ಅಭ್ಯಾಸ ಮಾಡಿದೆ. ಸೋಮವಾರ ಕ್ಲಾಸಿಗೆ ಹೋಗಿ, ಒಂದೂ ಮುನ್ಸೂಚನೆ ಕೊಡದೆ, ಪದ್ಯ ಎತ್ತಿಬಿಡಬೇಕು ಅಂತ ನನ್ನ ಲೆಕ್ಕಾಚಾರ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ನಾನು ಸಾಕು ಸಾಕು ಅನ್ನಬೇಕು, ಅದನ್ನೂ ಅಭ್ಯಾಸ ಮಾಡಿದ್ದೆ.

ಹೋದೆ. ಒಳ್ಳೇ ಸೀರೆ ಉಟ್ಟುಕೊಂಡೇ ಹೋದೆ. ಸುದ್ದಿ ನನಗಿಂತ ಮುಂಚೆ ಬಂದುಬಿಟ್ಟಿತ್ತು, ಶಾಲೆಯಲ್ಲಿ ಏನು ಮುಚ್ಚಿಡೋಕೆ ಆಗುತ್ತೆ? ಮಕ್ಕಳು ಎದ್ದು ನಿಂತು ಕೂತರು. ಟ್ಯಾಬುಗಳನ್ನು ಆಗಲೇ ಹಂಚಿಕೊಂಡಿದ್ದರು, ಪರದೆ ಹತ್ತಿತ್ತು. ಪುಸ್ತಕ ತೆರೆದು, ಗಂಟಲು ಸರಿಮಾಡಿಕೊಂಡು, ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಪರದೆ ಮೇಲೆ ಒಂದು ಸಾಲು ಎದ್ದಿತು.

"ಮಿಸ್, ನಿಮ್ಗೆ ವಾಯ್ಸ್ ಬಂತಂತೆ, ತುಂಬಾ ಖುಷಿ ಆಯ್ತು. ಇನ್ಮೇಲೆ ಈ ಪೇಜ್ ಇರಲ್ವಾ?"

ನಂಬರ್ ಇಲ್ಲ. ನನಗೆ ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ. ಮೂರು ತಿಂಗಳು ಕಷಾಯ ಕುಡಿದು, ಗಂಟಲಿಗೆ ಕತ್ತರಿ ಹಾಕಿಸಿಕೊಂಡು, ವಾಪಸ್ ತಂದ ದನಿ. ಅದು ಬಾಯಿಂದ ಹೊರಗೆ ಬರುವ ಮೊದಲೇ ಹೀಗಾ? ಯಾರು ಬರೆದದ್ದು ಅಂತ ಹುಡುಕಿದೆ. ಅದನ್ನು ಪತ್ತೆ ಹಚ್ಚುವುದು ನನಗೆ ಸುಲಭ. ಯಾರೇ ತರಲೆ ಮಾಡಿದರೂ ಉಳಿದವರ ತಲೆ ಅವರ ಕಡೆ ತಿರುಗುತ್ತದೆ, ಇಪ್ಪತ್ತೆಂಟು ವರ್ಷ ಹಾಗೇ ಹಿಡಿದಿದ್ದೇನೆ. ಈ ಸಲ ಒಂದು ತಲೆಯೂ ತಿರುಗಲಿಲ್ಲ. ಇಪ್ಪತ್ತಾರು ಜನವೂ ತಲೆ ತಗ್ಗಿಸಿ, ಇಬ್ಬಿಬ್ಬರು ಸೇರಿ ಒಂದೊಂದು ಟ್ಯಾಬನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಮುಂದಿನ ಬೆಂಚಿನವರೂ. ಯಾರು ಬರೆದಿದ್ದರೂ ಕೇಳಿದ್ದು ಎಲ್ಲರೂ.

ಎಳೆದುಕೊಂಡ ಉಸಿರು ಎದೆಯಲ್ಲೇ ನಿಂತಿತು. ಈ ಮಕ್ಕಳು ನನ್ನ ದನಿ ವಾಪಸ್ ಬರಲಿ ಅಂತ ದಿನಾ ಹಾರೈಸಿದ್ದಾರೆ, ಅದು ಬಂದ ದಿನ ಹೆದರಿಕೊಂಡು ಕೂತಿದ್ದಾರೆ. ಎರಡೂ ನಿಜ. ಪುಸ್ತಕ ಮುಚ್ಚಿದೆ.

"ಇರುತ್ತೆ," ಅಂದೆ.

ಒಡಕು ದನಿ, ಮೊದಲ ಬೆಂಚು ದಾಟಿತೋ ಇಲ್ಲವೋ. ಆದರೆ ಕೊನೆಯ ಬೆಂಚಿನವರೂ ತಲೆ ಎತ್ತಿದರು. ನಾನು ಕುರ್ಚಿ ಎಳೆದುಕೊಂಡು ಪರದೆಯ ಕಡೆ ತಿರುಗಿ ಕೂತೆ, ಅವರು ಬರೆಯಲಿ ಅಂತ.